ಕುಂಡದ ಇರುವೆಗೆ ಊಟ ಹಾಕುತ್ತಿರುವವರು ಯಾರು?

ಹೋದ ಸಂಚಿಕೆಯಲ್ಲಿ ನಾನೇ ಬರೆದಿದ್ದೆ, ಮಳೆ ಹಿಡಿಯುವ ಮೊದಲು ಸಕ್ಯುಲೆಂಟ್ (ಎಲೆ, ಕಾಂಡದಲ್ಲಿ ನೀರು ಕೂಡಿಡುವ ಗಿಡ) ಕುಂಡಗಳನ್ನೆಲ್ಲ ಮಾಡಿನ ಕೆಳಗೆ ತಂದಿಟ್ಟುಕೊಳ್ಳಿ, ಇಲ್ಲದಿದ್ದರೆ ನಮ್ಮ ಕಾಸರಗೋಡಿನ ಮಳೆಗೆ ಬುಡ ಕೊಳೆತು ಹೋಗುತ್ತದೆ ಅಂತ. ತುಂಬ ಜನ ತಂದಿಟ್ಟರು. ಈಗ ಅವರೇ ಪತ್ರ ಬರೆದಿದ್ದಾರೆ, ಕುಂಡದ ಹಿಂದೆಯೇ ಇರುವೆಯೂ ಜಗಲಿ ಹತ್ತಿತು ಟೀಚರೇ ಅಂತ. ತಪ್ಪು ಅರ್ಧ ನನ್ನದೇ. ಜೂನ್ ಬಂದರೆ ಅಂಗಳದ ಮಣ್ಣೆಲ್ಲ ಒದ್ದೆ. ಇರುವೆಗೂ ಒಣ ಜಾಗ ಬೇಕಲ್ವಾ? ಮನೆಯ ಸುತ್ತಮುತ್ತ ಒಣಗಿದ, ಸಡಿಲವಾದ, ಗಾಳಿಯಾಡುವ ಮಣ್ಣು ಎಲ್ಲಿ ಉಂಟು ಅಂದರೆ ನೀವು ಮುತುವರ್ಜಿಯಿಂದ ತಯಾರಿಸಿದ ಸಕ್ಯುಲೆಂಟ್ ಕುಂಡದಲ್ಲಿ ಮಾತ್ರ. ಆದರೆ ಮನೆ ಹುಡುಕಿ ಬಂದ ಇರುವೆ ಬೇರೆ, ಊಟಕ್ಕೆ ಬಂದ ಇರುವೆ ಬೇರೆ. ಈ ಸಲದ ಪತ್ರಗಳಲ್ಲಿ ಎರಡೂ ಇವೆ.

ಪ್ರಶ್ನೆ (ಬದಿಯಡ್ಕದ ಓದುಗರು): ಟೀಚರೇ, ಸಿಟೌಟಿನಲ್ಲಿ 14 ಕುಂಡ ಇಟ್ಟಿದ್ದೇನೆ. ಜೇಡ್, ಎಚೆವೇರಿಯಾ, ಹಾವೋರ್ಥಿಯಾ ಎಲ್ಲ ಉಂಟು. ಜೇಡ್ ಗಿಡಕ್ಕೆ ಕಪ್ಪು ಸಣ್ಣ ಇರುವೆ ಸಾಲು ಹಿಡಿದು ಹತ್ತುತ್ತದೆ. ಅರಿಶಿನ ಹಾಕಿದೆ, ಇರುವೆ ಚಾಕಿನಲ್ಲಿ ಗೆರೆ ಎಳೆದೆ, ಅತ್ತೆ ಹೇಳಿದರು ಅಂತ ಬೂದಿಯೂ ಹಾಕಿದೆ. ಎರಡು ದಿನ ಇಲ್ಲ, ಮೂರನೇ ದಿನ ಮತ್ತೆ ಹಾಜರ್. ಇರುವೆಯನ್ನು ಪೂರ್ತಿ ಕೊಲ್ಲಲು ಏನು ಮಾಡಬೇಕು?

ಉತ್ತರ: ಕೊಲ್ಲುವುದು ಆಮೇಲೆ. ಮೊದಲು ಇದನ್ನು ತಿಳಿದುಕೊಳ್ಳಿ, ಇರುವೆ ನಿಮ್ಮ ಜೇಡ್ ಗಿಡವನ್ನು ತಿನ್ನುತ್ತಿಲ್ಲ. ಆ ಸಾಲು ಎಲ್ಲಿಗೆ ಹೋಗಿ ನಿಲ್ಲುತ್ತದೆ ಅಂತ ನೋಡಿದ್ದೀರಾ? ನಾಳೆ ಬೆಳಿಗ್ಗೆ ಕಾಫಿ ಲೋಟ ಹಿಡಿದುಕೊಂಡು ಅಲ್ಲೇ ಕೂತು ಐದು ನಿಮಿಷ ನೋಡಿ. ಎಲೆ ಕಾಂಡಕ್ಕೆ ಅಂಟಿಕೊಳ್ಳುವ ಸಂದಿಗೋ, ಎಳೆ ಕುಡಿಗೋ, ಎಲೆಯ ಅಡಿಗೋ ಹೋಗಿ ಗುಂಪು ಕಟ್ಟುತ್ತದೆ. ಅಲ್ಲಿ ಮೊಬೈಲಿನ ಕ್ಯಾಮರಾ ಹಿಡಿದು ಝೂಮ್ ಮಾಡಿದರೆ ಹತ್ತಿಯ ಚೂರಿನಂಥದ್ದು ಕಾಣಬೇಕು, ಅದೇ ಹಿಟ್ಟು ತಿಗಣೆ. ಹತ್ತಿ ಇಲ್ಲದೆ ಕಂದು ಬಣ್ಣದ ಮಚ್ಚೆಯ ಹಾಗೆ ಅಂಟಿಕೊಂಡಿದ್ದು, ಉಗುರಿನಲ್ಲಿ ಕೆರೆದರೆ ಎದ್ದು ಬಂದರೆ ಅದು ಶಲ್ಕ ಕೀಟ. ಹೂವಿನ ದಂಟಿನಲ್ಲಿ ಹಸಿರೋ ಕಪ್ಪೋ ಗುಂಪಾಗಿ ಕೂತಿದ್ದರೆ ಗಿಡಹೇನು. ಈ ಮೂರೂ ಗಿಡದ ರಸ ಹೀರುವವು. ಆ ರಸದಲ್ಲಿ ಸಕ್ಕರೆ ಜಾಸ್ತಿ, ಮೈ ಬೆಳೆಯಲು ಬೇಕಾದ ಸಾರಜನಕ ಬಹಳ ಕಡಿಮೆ. ಹಾಗಾಗಿ ಅವು ಹೊಟ್ಟೆ ತುಂಬಿದ ಮೇಲೂ ಕುಡಿಯುತ್ತಲೇ ಇರಬೇಕು, ಜಾಸ್ತಿಯಾದ ಸಿಹಿಯನ್ನು ಹಿಂದಿನಿಂದ ಹನಿಹನಿಯಾಗಿ ಬಿಡಬೇಕು. ಎಲೆ ಮುಟ್ಟಿದರೆ ಅಂಟು ಅಂಟು ಅನ್ನಿಸುವುದು ಅದೇ. ಆ ಅಂಟಿನ ಮೇಲೆ ಕೆಲವು ದಿನಗಳಲ್ಲಿ ಮಸಿಯಂಥ ಕಪ್ಪು ಬೂಷ್ಟು ಬರುತ್ತದೆ.

ಇರುವೆಗೆ ಆ ಸಿಹಿ ಬೇಕು. ನಾವು ಹಟ್ಟಿಯಲ್ಲಿ ದನ ಸಾಕಿದ ಹಾಗೆ ಅವು ತಿಗಣೆಯನ್ನು ಸಾಕುತ್ತವೆ, ಸುಮ್ನೆ ಸಾಕುವುದಲ್ಲ, ಕಾವಲೂ ಕಾಯುತ್ತವೆ. ತಿಗಣೆ ತಿನ್ನಲು ಗುಲಗಂಜಿ ಹುಳು ಬಂದರೆ, ಅದರ ಮೈಯಲ್ಲಿ ಮೊಟ್ಟೆ ಇಡಲು ಸಣ್ಣ ಕಣಜ ಬಂದರೆ ಓಡಿಸಿಬಿಡುತ್ತವೆ. ಕೆಲವು ಜಾತಿಯ ಇರುವೆಗಳಂತೂ ತಿಗಣೆ ಮರಿಯನ್ನು ಬಾಯಲ್ಲಿ ಕಚ್ಚಿಕೊಂಡು ಪಕ್ಕದ ಗಿಡಕ್ಕೆ ಒಯ್ದು ಬಿಡುತ್ತವೆ. ನೀವು ಗೆರೆ ಎಳೆದಾಗ ಏನಾಯಿತು? ಅರಿಶಿನ, ಬೂದಿ ಎಲ್ಲ ಅವುಗಳ ವಾಸನೆಯ ದಾರಿಯನ್ನು ಅಳಿಸುತ್ತದೆ, ಅಷ್ಟೇ. ಮೇಲೆ ಊಟ ಇರುವ ತನಕ ಬೇರೆ ದಾರಿ ಹುಡುಕುತ್ತವೆ. ಚಾಕಿನಲ್ಲಿ ಇರುವುದು ವಿಷವೇ ಹೌದು, ಆದರೆ ಮಳೆಯ ಎರಚಲು ಬಿದ್ದ ಸಿಟೌಟಿನಲ್ಲಿ ಅದು ಎಷ್ಟು ದಿನ ನಿಲ್ಲುತ್ತದೆ? ಅದೂ ಮಕ್ಕಳು ಅಂಬೆಗಾಲಿಡುವ ಜಾಗವಾದರೆ ಬೇಡವೇ ಬೇಡ.

ಹಾಗಾಗಿ ಮೊದಲು ತಿಗಣೆ. ಔಷಧದ ಅಂಗಡಿಯಲ್ಲಿ ಸಿಗುವ 70 ಶೇಕಡಾ ಐಸೊಪ್ರೊಪೈಲ್ ಸ್ಪಿರಿಟ್ ತನ್ನಿ. ಕೊರೊನಾ ಕಾಲದಲ್ಲಿ ಉಳಿದ ಸ್ಯಾನಿಟೈಸರ್ ಉಂಟಲ್ಲ ಅಂತ ಅದನ್ನು ಬಳಿಯಬೇಡಿ, ಆ ಜೆಲ್ಲಿನಲ್ಲಿ ಗ್ಲಿಸರಿನ್, ಅಂಟು ಎಲ್ಲ ಸೇರಿರುತ್ತದೆ. ಕಿವಿ ಕಡ್ಡಿಯನ್ನು ಸ್ಪಿರಿಟ್ಟಿನಲ್ಲಿ ಅದ್ದಿ ಒಂದೊಂದೇ ತಿಗಣೆಗೆ ಮುಟ್ಟಿಸಿ. ಅದರ ಮೇಲಿನ ಮೇಣ ಕರಗುತ್ತದೆ, ಹುಳು ಕಂದು ಬಣ್ಣಕ್ಕೆ ತಿರುಗಿ ಸಾಯುತ್ತದೆ. ಸಂಜೆ ಹೊತ್ತು ಮಾಡಿ, ಮರುದಿನ ಬಿಸಿಲಿಗೆ ಇಡಬೇಡಿ. ಎಚೆವೇರಿಯಾದ ಎಲೆ ಮೇಲೆ ಬೂದಿ ಬಳಿದ ಹಾಗೆ ನೀಲಿ ಬಿಳಿ ಪುಡಿ ಇರುತ್ತದಲ್ಲ, ಅದು ಗಿಡದ್ದೇ ಮೇಣ, ಬಿಸಿಲಿಗೆ ಅದರ ಕೊಡೆ. ಸ್ಪಿರಿಟ್ಟಿನಲ್ಲಿ ಒರೆಸಿದರೆ ಆ ಎಲೆಯಲ್ಲಿ ಅದು ಮತ್ತೆ ಮೊದಲಿನ ಹಾಗೆ ಬರುವುದಿಲ್ಲ, ಕಲೆ ಉಳಿಯುತ್ತದೆ. ಕಲೆ ಉಳಿದರೆ ಉಳಿಯಲಿ, ಗಿಡ ಉಳಿಯುವುದು ಮುಖ್ಯ. ಆದರೆ ಇಡೀ ಗಿಡಕ್ಕೆ ಸ್ಪ್ರೇ ಮಾಡಬೇಡಿ, ಹುಳು ಇರುವಲ್ಲಿ ಮಾತ್ರ ಮುಟ್ಟಿಸಿ.

ಒಂದೇ ಸಲಕ್ಕೆ ಮುಗಿಯಿತು ಅಂತ ಕೈ ತೊಳೆದುಕೊಳ್ಳಬೇಡಿ ಮಾರಾಯ್ರೇ. ಹಿಟ್ಟು ತಿಗಣೆಯ ಒಂದು ಹೆಣ್ಣು ಹತ್ತಿಯಂಥ ಚೀಲದೊಳಗೆ ನೂರಾರು ಮೊಟ್ಟೆ ಇಡುತ್ತದೆ. ಚೀಲದೊಳಗಿನ ಮೊಟ್ಟೆಗೆ ಏನೂ ತಾಗುವುದಿಲ್ಲ, ವಾರ ಹತ್ತು ದಿನದಲ್ಲಿ ಒಡೆದು ಧೂಳಿನಷ್ಟು ಸಣ್ಣ ಮರಿ ಹೊರಡುತ್ತದೆ. ಆದ್ದರಿಂದ ವಾರಕ್ಕೊಮ್ಮೆ, ಕಮ್ಮಿ ಅಂದರೂ ನಾಲ್ಕು ವಾರ. ನಾನು ಎರಡು ಸಲ ಮಾಡಿ ಗೆದ್ದೆ ಅಂತ ಬಿಟ್ಟು ಒಂದು ಒಳ್ಳೆಯ ಜೇಡ್ ಗಿಡವನ್ನೇ ಕಳೆದುಕೊಂಡೆ. ಆರು ವರ್ಷದ ಗಿಡ, ನನ್ನ ಮಗಳು ಚಿಕ್ಕ ಕೊಂಬೆ ತಂದು ಊರಿದ್ದು.

ಗಿಡ ದೊಡ್ಡದಿದ್ದು ಒಂದೊಂದೇ ಮುಟ್ಟಿಸಲು ಆಗದಿದ್ದರೆ ಸೋಪಿನ ನೀರು. ಒಂದು ಲೀಟರಿಗೆ ಒಂದು ಸಣ್ಣ ಚಮಚ ದ್ರವ ಸೋಪು ಸಾಕು, ಬಟ್ಟೆ ಒಗೆಯುವ ಪುಡಿ ಮಾತ್ರ ಬೇಡ. ಬೇವಿನೆಣ್ಣೆ ಸೇರಿಸುವುದಾದರೆ ಲೀಟರಿಗೆ 3ರಿಂದ 5 ಮಿಲಿ, ಅದನ್ನು ಮೊದಲು ಸೋಪಿನಲ್ಲಿ ಕಲಸಿ ಆಮೇಲೆ ನೀರು ಸೇರಿಸಬೇಕು, ಇಲ್ಲದಿದ್ದರೆ ಎಣ್ಣೆ ಮೇಲೆ ತೇಲುತ್ತದೆ. ಆದರೆ ಜೇಡ್ ಗಿಡಕ್ಕೆ, ಮುಳ್ಳಿನ ಯೂಫೋರ್ಬಿಯಾಕ್ಕೆ ಸೋಪು, ಎಣ್ಣೆ ಎರಡೂ ಅಷ್ಟು ಒಗ್ಗುವುದಿಲ್ಲ, ಎಲೆ ಸುಡುವುದುಂಟು. ಒಂದು ಎಲೆಗೆ ಹಾಕಿ ಎರಡು ದಿನ ಕಾಯಿರಿ. ಸರಿ ಇದ್ದರೆ ಉಳಿದದ್ದಕ್ಕೆ ಹಾಕಿ, ಅರ್ಧ ಗಂಟೆ ಬಿಟ್ಟು ಒಳ್ಳೆಯ ನೀರಿನಲ್ಲಿ ತೊಳೆದುಬಿಡಿ.

ಇನ್ನು ಇರುವೆ. ನಿಮ್ಮ ಅತ್ತೆಯವರಿಗೆ ನೆನಪಿರಬಹುದು, ಹಿಂದೆ ಅಡುಗೆಮನೆಯ ಕಪಾಟಿನ ನಾಲ್ಕು ಕಾಲಿಗೂ ನೀರು ತುಂಬಿದ ಕಲ್ಲಿನ ಬಟ್ಟಲು ಇಡುತ್ತಿದ್ದರು. ಅದೇ ಉಪಾಯ. ಅಗಲವಾದ ತಟ್ಟೆಯಲ್ಲಿ ಒಂದು ಮುರಕಲ್ಲಿನ ತುಂಡು, ಅದರ ಮೇಲೆ ಕುಂಡ, ಸುತ್ತ ನೀರು, ನೀರಿಗೆ ಒಂದು ಹನಿ ಸೋಪು. ಕುಂಡದ ಬುಡ ನೀರಿಗೆ ತಾಗಬಾರದು, ಗಿಡದ ಎಲೆ ಗೋಡೆಗೆ ತಾಗಬಾರದು, ತಾಗಿದರೆ ಅದೇ ಸೇತುವೆ. ಮೂರು ದಿನಕ್ಕೊಮ್ಮೆ ನೀರು ಚೆಲ್ಲಿ ತಟ್ಟೆ ಉಜ್ಜಿ ತೊಳೆಯಿರಿ. ಡೆಂಗಿ ಸೊಳ್ಳೆಗೆ ಇಂಥ ತಟ್ಟೆ ನೀರು ಅಂದರೆ ಬಹಳ ಇಷ್ಟ, ಮೊಟ್ಟೆಯಿಂದ ಸೊಳ್ಳೆಯಾಗಿ ಹಾರಲು ಅದಕ್ಕೆ ವಾರ ಹತ್ತು ದಿನ ಸಾಕು. ಇರುವೆ ಓಡಿಸಲು ಹೋಗಿ ಆರೋಗ್ಯ ಇಲಾಖೆಯವರನ್ನು ಮನೆಗೆ ಕರೆಸಿಕೊಂಡ ಹಾಗಾಗಬಾರದು.

ಇಷ್ಟಾದರೂ ಸಾಲು ನಿಲ್ಲದಿದ್ದರೆ ಮಾತ್ರ ಗೂಡಿಗೆ ಕೈ ಹಾಕಿ. 100 ಮಿಲಿ ನೀರಿಗೆ 10 ಗ್ರಾಂ ಸಕ್ಕರೆ, 1 ಗ್ರಾಂ ಬೋರಿಕ್ ಆಮ್ಲ. ಇದಕ್ಕಿಂತ ಜಾಸ್ತಿ ಹಾಕಿದರೆ ಬೇಗ ಸಾಯುತ್ತದೆ ಅಂತ ಎಲ್ಲರೂ ಅಂದುಕೊಳ್ಳುತ್ತಾರೆ, ಆದರೆ ಬೇಗ ಸಾಯಬಾರದು. ಕೆಲಸಗಾರ ಇರುವೆ ಅದನ್ನು ಗೂಡಿಗೆ ಒಯ್ದು ರಾಣಿಗೆ, ಮರಿಗೆ ಕೊಡುವ ತನಕ ಬದುಕಿರಬೇಕು. ಹತ್ತಿಯನ್ನು ಇದರಲ್ಲಿ ಅದ್ದಿ, ತೂತು ಮಾಡಿದ ಮುಚ್ಚಳದ ಡಬ್ಬಿಯೊಳಗಿಟ್ಟು ಸಾಲಿನ ದಾರಿಯಲ್ಲಿ ಇಡಿ. ಮೊದಲ ದಿನ ಇರುವೆ ಇನ್ನೂ ಜಾಸ್ತಿ ಬರುತ್ತದೆ, ಹೆದರಬೇಡಿ. ಕುಂಡದ ಮಣ್ಣಿಗೆ ಮಾತ್ರ ಇದನ್ನು ಸುರಿಯಬೇಡಿ, ಬೋರಾನ್ ಜಾಸ್ತಿಯಾದರೆ ಗಿಡವೇ ಸಾಯುತ್ತದೆ. ಮಕ್ಕಳು, ನಾಯಿ, ಬೆಕ್ಕಿನ ಕೈ ಬಾಯಿಗೆ ಸಿಗದ ಹಾಗೆ ಇಡಿ. ಕೇರಂ ಬೋರ್ಡಿನ ಪುಡಿಯೂ ಅದೇ ಅಲ್ವಾ ಅಂತ ಕೆಲವರು ಕೇಳುತ್ತಾರೆ. ಹಿಂದೆ ಹೆಚ್ಚಾಗಿ ಅದೇ ಆಗಿತ್ತು, ಈಗಿನ ಪೊಟ್ಟಣದಲ್ಲಿ ಏನಿದೆಯೋ ಓದಿ ನೋಡದೆ ಬಳಸಬೇಡಿ.

ಕೊನೆಗೊಂದು ಅನುಮಾನ. ಚಹಾ ಸೋಸಿದ ಚರಟವನ್ನು ಕುಂಡಕ್ಕೆ ಹಾಕುತ್ತಿದ್ದೀರಾ? ಸಕ್ಕರೆ ಸಮೇತ? ಹಾಗಾದರೆ ಊಟ ಹಾಕುತ್ತಿರುವವರು ನೀವೇ. ಬೆಲ್ಲ ಹಾಕಿದ ಜೀವಾಮೃತವೂ ಸಕ್ಯುಲೆಂಟಿಗೆ ಬೇಡ.

ಪ್ರಶ್ನೆ (ಕುಂಬಳೆಯ ಓದುಗರು): ಎಲೆ ಮೇಲೆ, ಸಂದಿಯಲ್ಲಿ ಎಲ್ಲ ನೋಡಿದೆ, ಒಂದು ಹುಳವೂ ಇಲ್ಲ. ಆದರೂ ಹಾವೋರ್ಥಿಯಾ ದಿನದಿಂದ ದಿನಕ್ಕೆ ಸುಕ್ಕುಗಟ್ಟುತ್ತಿದೆ, ನೀರು ಹಾಕಿದರೂ ತುಂಬಿಕೊಳ್ಳುವುದಿಲ್ಲ. ಕುಂಡದ ತಳದ ತೂತಿನಿಂದ ಇರುವೆ ಹೋಗಿ ಬಂದು ಮಾಡುತ್ತದೆ.

ಉತ್ತರ: ಕುಂಡದಿಂದ ಗಿಡವನ್ನು ಹೊರಗೆ ತೆಗೆಯಿರಿ. ಪತ್ರ ಓದಿದ ತಕ್ಷಣ ತೆಗೆಯಿರಿ, ನಾಳೆಗೆ ಇಡಬೇಡಿ. ಬೇರಿನ ಮೇಲೆ, ಕುಂಡದ ಒಳಗೋಡೆಯಲ್ಲಿ ಸುಣ್ಣದ ಪುಡಿ ಉದುರಿಸಿದ ಹಾಗೆ ಬಿಳಿ ಬಿಳಿ ಕಂಡರೆ ಅದು ಬೇರಿನ ಹಿಟ್ಟು ತಿಗಣೆ. ಮೇಲಿನದ್ದಕ್ಕಿಂತ ಇದು ಕಷ್ಟ, ಯಾಕೆಂದರೆ ಗಿಡ ಅರ್ಧ ಸಾಯುವ ತನಕ ಕಣ್ಣಿಗೆ ಬೀಳುವುದಿಲ್ಲ. ತಳದ ತೂತಿನಲ್ಲಿ ಓಡಾಡುವ ಇರುವೆಯೇ ಸಾಮಾನ್ಯವಾಗಿ ಮೊದಲ ಸುಳಿವು, ನಿಮಗೆ ಅದು ಸಿಕ್ಕಿದೆ.

ಮಣ್ಣನ್ನೆಲ್ಲ ಉದುರಿಸಿ. ಕಾಂಪೌಂಡಿನ ಹೊರಗೆ ದೂರ ಹಾಕಿ, ಪಕ್ಕದ ಕುಂಡಕ್ಕೆ ಸುರಿಯಬೇಡಿ (ಮಣ್ಣು ದಂಡ ಮಾಡಬಾರದು ಅಂತ ನಮಗೆಲ್ಲ ಒಂದು ಚಟ ಉಂಟಲ್ಲ). ಬೇರನ್ನು ನಲ್ಲಿಯ ಕೆಳಗೆ ಹಿಡಿದು ಚೆನ್ನಾಗಿ ತೊಳೆಯಿರಿ, ಕೊಳೆತ, ಪೊಳ್ಳಾದ ಬೇರನ್ನು ಕತ್ತರಿಸಿ, ಉಳಿದ ಬೇರನ್ನು ಹತ್ತು ನಿಮಿಷ ಸೋಪಿನ ನೀರಿನಲ್ಲಿ ಅದ್ದಿಟ್ಟು ಮತ್ತೆ ತೊಳೆಯಿರಿ. ಆಮೇಲೆ ಗಾಳಿಯಾಡುವ ನೆರಳಿನಲ್ಲಿ ನಾಲ್ಕೈದು ದಿನ ಹಾಗೇ ಇಡಿ. ಬೇರು ಒಣಗಿ ಹೋಗುವುದಿಲ್ಲವಾ ಅಂತ ಕೇಳಬೇಡಿ, ಸಕ್ಯುಲೆಂಟ್ ಅಲ್ವಾ, ಹೊಟ್ಟೆಯಲ್ಲಿ ನೀರು ಉಂಟು. ನಮ್ಮ ಆಟಿ ತಿಂಗಳ ತೇವದಲ್ಲಿ ಇನ್ನೂ ಎರಡು ದಿನ ಜಾಸ್ತಿ ಬಿಟ್ಟರೂ ಅಡ್ಡಿಯಿಲ್ಲ. ಹಳೆ ಕುಂಡವನ್ನೇ ಬಳಸುವುದಾದರೆ ಕುದಿಯುವ ನೀರು ಹೊಯ್ದು ಉಜ್ಜಿ.

ಹೊಸ ಮಣ್ಣಿಗೆ ಮುರಕಲ್ಲಿನ ಸಣ್ಣ ಚೂರು, ದಪ್ಪ ಹೊಳೆ ಮರಳು, ಇದ್ದಿಲು ಚೂರು, ಸ್ವಲ್ಪ ಹಳೆ ಗೊಬ್ಬರ. ಕುಂಬಳೆಯಲ್ಲಿ ಇದ್ದೀರಿ, ಸಮುದ್ರದ ಮರಳು ಹತ್ತಿರ ಸಿಗುತ್ತದೆ ಅಂತ ತರಬೇಡಿ, ಉಪ್ಪು. ತೆಂಗಿನ ನಾರಿನ ಪುಡಿ ಹಾಕುವುದಾದರೆ ಎರಡು ಮೂರು ನೀರಿನಲ್ಲಿ ತೊಳೆದು ಹಾಕಿ, ಅದೂ ಸ್ವಲ್ಪವೇ. ಅದು ಒಮ್ಮೆ ಪೂರ್ತಿ ಒಣಗಿ ಕುಗ್ಗಿದರೆ ಮೇಲಿಂದ ಹಾಕಿದ ನೀರು ಬದಿಯಿಂದ ಇಳಿದು ಹೋಗುವುದುಂಟು, ನಡುವಿನ ಒಣ ಗಡ್ಡೆಯಲ್ಲಿ ಇರುವೆ ಆರಾಮಾಗಿ ಸಂಸಾರ ಹೂಡುತ್ತದೆ.

ಬೇರಿನಲ್ಲಿ ಬಿಳಿ ಏನೂ ಇಲ್ಲ, ಬರೀ ಇರುವೆ, ಮೊಟ್ಟೆ ಮಾತ್ರ ಇದೆ ಅಂತಾದರೆ ಅದು ಮನೆ ಹುಡುಕಿ ಬಂದ ಪಾರ್ಟಿ. ಗಿಡಕ್ಕೆ ಅಷ್ಟೇನೂ ತೊಂದರೆ ಇಲ್ಲ, ಆದರೆ ಸುರಂಗ ಕೊರೆದು ಬೇರಿನ ಸುತ್ತ ಟೊಳ್ಳು ಮಾಡುತ್ತದೆ. ಕುಂಡವನ್ನು ಬಾಲ್ದಿ ನೀರಿನಲ್ಲಿ ಅಂಚಿನ ತನಕ ಅರ್ಧ ಗಂಟೆ ಮುಳುಗಿಸಿಡಿ. ಮೊಟ್ಟೆ ಹೊತ್ತುಕೊಂಡು ಮೇಲೆ ಬರುತ್ತವೆ, ಒಂದು ಕೋಲು ಬಾಲ್ದಿಯ ಹೊರಕ್ಕೆ ಚಾಚಿಟ್ಟರೆ ಅದರ ಮೇಲೆ ನಡೆದು ಹೋಗುತ್ತವೆ. ಮಳೆ ಬಿಟ್ಟು ಎರಡು ದಿನ ಬಿಸಿಲು ಬಂದಾಗ ಮಾತ್ರ ಇದನ್ನು ಮಾಡಿ, ಇಲ್ಲವಾದರೆ ಮಣ್ಣು ಒಣಗುವುದೇ ಇಲ್ಲ.

ಪ್ರಶ್ನೆ (ಪೆರ್ಲದ ಓದುಗರು): ಅಂಗಡಿಯಲ್ಲಿ ಹರಳಿನಂಥ ಮದ್ದು ಕೊಟ್ಟರು, ಕಾಗದದ ಪೊಟ್ಟಣದಲ್ಲಿ. ಕುಂಡಕ್ಕೆ ಒಂದು ಚಮಚ ಹಾಕಿದರೆ ಹುಳು, ಇರುವೆ ಎರಡೂ ಹೋಗುತ್ತದಂತೆ. ಲೋಳೆಸರದ ಕುಂಡಕ್ಕೂ ಹಾಕಬಹುದಾ?

ಉತ್ತರ: ಹಾಕಬೇಡಿ. ಲೋಳೆಸರಕ್ಕೂ ಬೇಡ, ಬೇರೆಯದಕ್ಕೂ ಬೇಡ.

ಆ ಪೊಟ್ಟಣದ ಮೇಲೆ ಹೆಸರಿಲ್ಲ, ಅಲ್ವಾ? ನಮ್ಮ ದೇಶದಲ್ಲಿ ಮಾರುವ ಕೀಟನಾಶಕದ ಡಬ್ಬಿಯಲ್ಲಿ ಒಂದು ಬಣ್ಣದ ಗುರುತು ಇರಲೇಬೇಕು. ಕೆಂಪು ಅಂದರೆ ಅತಿ ವಿಷ, ಹಳದಿ ಅದರ ನಂತರದ್ದು, ನೀಲಿ ಮಧ್ಯಮ, ಹಸಿರು ಎಲ್ಲಕ್ಕಿಂತ ಕಡಿಮೆ. ಕಾಗದದ ಪೊಟ್ಟಣಕ್ಕೆ ಸುರಿದು ಕೊಟ್ಟರೆ ಆ ಗುರುತೂ ಹೋಯಿತು, ಎಷ್ಟು ಹಾಕಬೇಕು ಅನ್ನುವುದೂ ಹೋಯಿತು, ಮಗು ಬಾಯಿಗೆ ಹಾಕಿದರೆ ಡಾಕ್ಟರಿಗೆ ಏನು ಹೇಳುವುದು? ಇಂಥ ಹರಳುಗಳಲ್ಲಿ ಹಲವು ಬೇರಿನಿಂದ ಗಿಡದ ರಸಕ್ಕೆ ಸೇರುವಂಥವು. ಲೋಳೆಸರ ನೀವು ತಲೆಗೆ ಹಚ್ಚುತ್ತೀರಿ, ಕೆಲವರು ಕುಡಿಯುತ್ತಾರೆ. ಹೂ ಬಿಡುವ ಗಿಡವಾದರೆ ಹೂವಿನ ಮಕರಂದದಲ್ಲೂ ಬರಬಹುದು, ಜೇನು ಅದನ್ನು ಕುಡಿಯುತ್ತದೆ. ನಿಮ್ಮ ಕಡೆ ತೋಟದಲ್ಲಿ ಜೇನುಪೆಟ್ಟಿಗೆ ಇಟ್ಟವರು ಇದ್ದೇ ಇದ್ದಾರೆ.

ನೀವು ಪೆರ್ಲದವರು ಅಂತ ಓದಿ ಇದನ್ನು ಸ್ವಲ್ಪ ಜೋರಾಗಿಯೇ ಬರೆಯುತ್ತಿದ್ದೇನೆ. ನಿಮ್ಮ ಎಣ್ಮಕಜೆ ಪಂಚಾಯತಿನವರಿಗೆ ನಾನು ಕೀಟನಾಶಕದ ಪಾಠ ಹೇಳುವುದು ಏನೂ ಇಲ್ಲ. ಗೇರಿನ ಚಿಗುರಿನ ರಸ ಹೀರುವ ಟೀ ಸೊಳ್ಳೆ ಅನ್ನುವ ತಿಗಣೆಗೆ ಅಂತ ಎರಡು ದಶಕಕ್ಕೂ ಜಾಸ್ತಿ ಕಾಲ, 2000ದ ತನಕ, ಆಕಾಶದಿಂದ ಎಂಡೋಸಲ್ಫಾನ್ ಅನ್ನುವ ಕೀಟನಾಶಕ ಸುರಿದರು. ಸುಪ್ರೀಂ ಕೋರ್ಟ್ ದೇಶಕ್ಕೇ ತಡೆ ಹಾಕಿದ್ದು 2011ರ ಮೇ ತಿಂಗಳಲ್ಲಿ. ಮತ್ತೆ ಒಂದು ವಿಷಯ ಗೊತ್ತುಂಟಾ? ಮರದಲ್ಲಿ ಎಲೆ ಹೊಲಿದು ಗೂಡು ಕಟ್ಟುವ ಕೆಂಪು ಚಗಳಿ ಇರುವೆ ಉಂಟಲ್ಲ, ಅದು ಜಾಸ್ತಿ ಇರುವ ಗೇರು ಮರದಲ್ಲಿ ಟೀ ಸೊಳ್ಳೆಯ ಕಾಟ ಕಡಿಮೆ, ಹಿಡಿದು ತಿನ್ನುತ್ತದೆ. ಸುರಿದ ಮದ್ದು ಆ ಇರುವೆಗೂ ಬಿದ್ದಿರುತ್ತದೆ. ಮೂರು ಕುಂಡದ ಹಿಟ್ಟು ತಿಗಣೆಗೆ ನಮಗೆ ಕಿವಿ ಕಡ್ಡಿ ಸಾಕು.

ಪೊಟ್ಟಣವನ್ನು ತೋಡಿಗೆ ಎಸೆಯಬೇಡಿ. ಕೊಟ್ಟ ಅಂಗಡಿಗೇ ವಾಪಸ್ ಕೊಡಿ, ಅವರು ತೆಗೆದುಕೊಳ್ಳದಿದ್ದರೆ ಕೃಷಿಭವನದಲ್ಲಿ ಕೇಳಿ.

ಪ್ರಶ್ನೆ (ಮುಳ್ಳೇರಿಯದ ಓದುಗರು): ಅಡಿಕೆಗೆ ಮದ್ದು ಬಿಟ್ಟು ಉಳಿದ ಬೋರ್ಡೋ ದ್ರಾವಣ ಒಂದು ಕೊಡಪಾನ ಉಂಟು. ಸಕ್ಯುಲೆಂಟಿನ ಹುಳಕ್ಕೆ ಆಗುತ್ತದಾ?

ಉತ್ತರ: ಆಗುವುದಿಲ್ಲ. ಅದರಲ್ಲಿರುವ ಮೈಲುತುತ್ತು, ಸುಣ್ಣ ಕೊಳೆರೋಗಕ್ಕೆ, ಅಂದರೆ ಶಿಲೀಂಧ್ರಕ್ಕೆ. ತಿಗಣೆಗೆ ಅದು ಸುಣ್ಣ ಬಳಿದ ಮನೆ ಇದ್ದ ಹಾಗೆ, ಒಳಗೆ ತಣ್ಣಗೆ ಕೂತಿರುತ್ತದೆ. ಎಲೆಯ ತುಂಬ ನೀಲಿ ಕಲೆ ಬೇರೆ. ದ್ರಾವಣ ಮಾಡಿದ ದಿನವೇ ಮುಗಿಸಬೇಕಾದ್ದು, ಹಳತಾದರೆ ಅಡಿಕೆಗೂ ಪ್ರಯೋಜನವಿಲ್ಲ.

ಪ್ರಶ್ನೆ (ಹೊಸೂರಿನ ಓದುಗರು): ನೀವು ಹೇಳಿದ ಸೋಪಿನ ನೀರು ನಮ್ಮಲ್ಲಿ ಮೊಸರು ಒಡೆದ ಹಾಗೆ ಆಗುತ್ತದೆ. ಇನ್ನೊಂದು, ಬೇಸಿಗೆಯಲ್ಲಿ ಅಡೇನಿಯಂ ಎಲೆಯೆಲ್ಲ ಮಾಸಲು ಹಳದಿಯಾಗಿ, ಅಡಿಯಲ್ಲಿ ಸಣ್ಣ ಬಲೆ ಕಟ್ಟಿ ಉದುರಿತು. ಇರುವೆ ಒಂದೂ ಇರಲಿಲ್ಲ.

ಉತ್ತರ: ನಿಮ್ಮದು ಬೋರ್‌ವೆಲ್ ನೀರು ಇರಬೇಕು. ಗಡಸು ನೀರಿನ ಸುಣ್ಣದ ಅಂಶ ಸೋಪನ್ನು ಹಿಡಿದು ಗಸಿ ಮಾಡುತ್ತದೆ, ಹುಳಕ್ಕೆ ತಾಗಬೇಕಾದ ಸೋಪು ಅಲ್ಲೇ ಮುಗಿಯಿತು. ನಮ್ಮಲ್ಲಿ ಗುಡ್ಡಕ್ಕೆ ಕೊರೆದ ಸುರಂಗದ ನೀರು, ಬಾವಿ ನೀರು ಮೆದು, ಒಂದು ಹನಿಗೆ ನೊರೆ ಬರುತ್ತದೆ. ಹಾಗಾಗಿ ಇದು ನನಗೆ ಹೊಳೆದಿರಲೇ ಇಲ್ಲ. ಮಳೆ ನೀರು ಹಿಡಿದಿಟ್ಟುಕೊಂಡು ಬಳಸಿ, ಇಲ್ಲವಾದರೆ ಕುಡಿಯುವ ಫಿಲ್ಟರ್ ನೀರು. ಬಾಟಲಿಯಲ್ಲಿ ಕುಲುಕಿದಾಗ ನೊರೆ ನಿಂತರೆ ಸರಿ.

ಅಡೇನಿಯಮ್ಮಿನದು ಜೇಡ ನುಸಿ. ಎಲೆಯ ಕೆಳಗೆ ಬಿಳಿ ಕಾಗದ ಹಿಡಿದು ತಟ್ಟಿ, ಬಿದ್ದ ಧೂಳು ನಡೆಯಲು ಶುರು ಮಾಡಿದರೆ ಅದೇ. ಎಂಟು ಕಾಲಿನದು, ಕೀಟ ಅಲ್ಲ, ಅದಕ್ಕೇ ಸಾಮಾನ್ಯ ಕೀಟನಾಶಕ ಹೊಡೆದರೆ ನುಸಿಯನ್ನು ತಿನ್ನುವ ಹುಳುಗಳು ಸತ್ತು ನುಸಿ ಇನ್ನೂ ಜಾಸ್ತಿಯಾಗುವುದುಂಟು. ಇದು ಸಿಹಿ ಬಿಡುವುದಿಲ್ಲ, ಇರುವೆಗೆ ಇದರ ಹತ್ತಿರ ಏನೂ ಕೆಲಸವಿಲ್ಲ. ಒಣ ಹವೆ, ಧೂಳು ಇದಕ್ಕೆ ಇಷ್ಟ. ಮಾರ್ಚಿನಿಂದಲೇ ವಾರಕ್ಕೆರಡು ಸಲ ಬೆಳಿಗ್ಗೆ ಎಲೆಯ ಅಡಿಗೆ ಜೋರಾಗಿ ನೀರು ಹೊಡೆಯಿರಿ, ಅರ್ಧ ಅಲ್ಲೇ ತೊಳೆದು ಹೋಗುತ್ತದೆ. ಜಾಸ್ತಿ ಇದ್ದರೆ ನೀರಿನಲ್ಲಿ ಕರಗುವ ಗಂಧಕ, ಲೀಟರಿಗೆ 2 ಗ್ರಾಂ, ಸಂಜೆ ಹೊತ್ತು. ಬಿಸಿಲು 32 ಡಿಗ್ರಿ ದಾಟುವ ದಿನಗಳಲ್ಲಿ ಬೇಡ. ಬೇವಿನೆಣ್ಣೆ ಹೊಡೆದಿದ್ದರೆ ಎರಡು ವಾರ ಬಿಟ್ಟು ಗಂಧಕ ಹೊಡೆಯಿರಿ, ಎರಡೂ ಸೇರಿದರೆ ಎಲೆ ಸುಟ್ಟು ಹೋಗುತ್ತದೆ. ಅಡೇನಿಯಂ ಸವರುವಾಗ ಕೈಗವಸು ಹಾಕಿಕೊಳ್ಳಿ, ಅದರ ಹಾಲು ವಿಷ.

ಅಂದ ಹಾಗೆ, ಒಂದು ರಾತ್ರಿಯಲ್ಲಿ ಅಡೇನಿಯಂ ಬೋಳಾದರೆ ಅದು ನುಸಿಯಲ್ಲ. ಬೆರಳು ಗಾತ್ರದ ಹಸಿರು ಹುಳು, ತಲೆಯ ಹತ್ತಿರ ನೀಲಿ ಕಣ್ಣಿನಂಥ ಎರಡು ಚಿಕ್ಕೆ. ಕಣಗಿಲೆ, ನಂದಿಬಟ್ಟಲನ್ನು ತಿನ್ನುವ ಹುಳುವೇ ಅದು. ಕೈಯಲ್ಲಿ ಹೆಕ್ಕಿ ಕಣಗಿಲೆಗೆ ಬಿಟ್ಟುಬಿಡಿ, ಪತಂಗವಾದರೆ ಬಹಳ ಚಂದ.

ಪ್ರಶ್ನೆ (ಉಪ್ಪಳದ ಓದುಗರು): ಲೋಳೆಸರದ ಎಲೆಯ ಬುಡದಲ್ಲಿ ಹೂಕೋಸಿನ ಹಾಗೆ ಗಂಟು ಗಂಟು ಬೆಳೆದಿದೆ. ಹುಳು ಕಾಣುವುದಿಲ್ಲ.

ಉತ್ತರ: ಕಾಣುವುದೂ ಇಲ್ಲ, ಸೂಕ್ಷ್ಮದರ್ಶಕವೇ ಬೇಕು. ಲೋಳೆಸರದ ನುಸಿ. ನಿಮಗೆ ಇದರ ದಾಯಾದಿಯ ಪರಿಚಯ ಚೆನ್ನಾಗಿ ಉಂಟು, 1998ರಲ್ಲಿ ಕೇರಳಕ್ಕೆ ಕಾಲಿಟ್ಟು ತೆಂಗಿನಕಾಯಿಯ ಸಿಪ್ಪೆಯನ್ನು ಬಿರಿಯಿಸಿ ಕಾಯಿ ಕಿರಿದು ಮಾಡಿತಲ್ಲ, ಆ ನುಸಿಯೂ ಇದೂ ಒಂದೇ ಕುಲ. ಗಂಟಿನ ಜೊತೆ ಅದರ ಸುತ್ತಲಿನ ಒಳ್ಳೆಯ ಭಾಗವನ್ನೂ ಸ್ವಲ್ಪ ಸೇರಿಸಿ ಕತ್ತರಿಸಿ ಸುಟ್ಟುಬಿಡಿ. ಕತ್ತಿಯನ್ನು ಸ್ಪಿರಿಟ್ಟಿನಲ್ಲಿ ಒರೆಸದೆ ಬೇರೆ ಗಿಡಕ್ಕೆ ಹಾಕಬೇಡಿ. ಗಂಟು ಗಿಡದ ನಡುವಿಗೇ ಬಂದಿದ್ದರೆ ಆಸೆ ಬಿಟ್ಟು ಇಡೀ ಗಿಡ ತೆಗೆಯಿರಿ, ಗಾಳಿಯಲ್ಲಿ ಪಕ್ಕದ ಗಿಡಕ್ಕೆ ಹೋಗುತ್ತದೆ.

ಪ್ರಶ್ನೆ (ಮಂಜೇಶ್ವರದ ಓದುಗರು): ಹಿಟ್ಟು ತಿಗಣೆಗಳ ನಡುವೆ ಅದೇ ತರದ, ಆದರೆ ಎರಡು ಮೂರು ಪಟ್ಟು ದೊಡ್ಡ ಬಿಳಿ ಹುಳು ಇತ್ತು. ಚುರುಕಾಗಿ ಓಡುತ್ತಿತ್ತು. ಎಲ್ಲವನ್ನೂ ಸ್ಪಿರಿಟ್ ಹಾಕಿ ಕೊಂದೆ. ಸರಿ ತಾನೇ?

ಉತ್ತರ: ಅಯ್ಯೋ! ನಿಮ್ಮ ಕಡೆಯವನನ್ನೇ ಕೊಂದಿರಿ. ತಿಗಣೆ ಓಡುವುದಿಲ್ಲ, ಮೆಲ್ಲ ತೆವಳುತ್ತದೆ. ಮೈತುಂಬ ಉದ್ದ ಉದ್ದ ಬಿಳಿ ಜಡೆ ಇಳಿಬಿಟ್ಟುಕೊಂಡು ಓಡುವುದು ಕ್ರಿಪ್ಟೋಲೀಮಸ್ ಅನ್ನುವ ಗುಲಗಂಜಿ ಹುಳದ ಮರಿ. ತಿಗಣೆಯ ವೇಷ ಹಾಕಿಕೊಂಡು ತಿಗಣೆಯನ್ನೇ ತಿನ್ನುತ್ತದೆ. ಆಸ್ಟ್ರೇಲಿಯಾದ್ದು, ಕಾಫಿಯ ಶಲ್ಕ ಕೀಟಕ್ಕೆ ಅಂತ 1898ರಲ್ಲಿ ನಮ್ಮ ದೇಶಕ್ಕೆ ತಂದರು, ಈಗ ಇಲ್ಲಿಯದೇ ಆಗಿದೆ. ಬೆಳೆದರೆ ಕಪ್ಪು ಬೆನ್ನು, ಕಿತ್ತಳೆ ತಲೆ. ಮುಂದಿನ ಸಲ ಕಂಡರೆ ಆ ಕುಂಡಕ್ಕೆ ಏನೂ ಹಾಕದೆ ಇರುವೆ ಮಾತ್ರ ಹತ್ತದ ಹಾಗೆ ನೀರಿನ ತಟ್ಟೆ ಇಡಿ, ಉಳಿದದ್ದನ್ನು ಅದು ನೋಡಿಕೊಳ್ಳುತ್ತದೆ.

ಪ್ರಶ್ನೆ (ಮಡಕಶಿರಾದ ಓದುಗರು): ನಮ್ಮ ಹೊಲದ ಬದುವಿನ ಪಾಪಸ್ ಕಳ್ಳಿಯ ಮೇಲೆ ಬಿಳಿ ಹತ್ತಿ. ಕಡ್ಡಿಯಲ್ಲಿ ಒತ್ತಿದರೆ ರಕ್ತದ ಹಾಗೆ ಕೆಂಪು ಬರುತ್ತದೆ. ಮನೆಯ ಕುಂಡದ ಗಿಡಗಳಿಗೂ ಹರಡುತ್ತದಾ?

ಉತ್ತರ: ಅದು ಕೊಚಿನಿಯಲ್ ಕೀಟ. ಕಳ್ಳಿಗೆ ಮಾತ್ರ, ಅದರಲ್ಲೂ ಪಾಪಸ್ ಕಳ್ಳಿಗೆ. ನಿಮ್ಮ ಜೇಡ್, ಎಚೆವೇರಿಯಾ ತಂಟೆಗೆ ಬರುವುದಿಲ್ಲ. ಅದರ ಕಥೆ ಚೆನ್ನಾಗಿದೆ. ಈ ಕುಲದ ಒಂದು ಕೀಟದಿಂದ ಬೆಲೆಬಾಳುವ ಕೆಂಪು ಬಣ್ಣ ತೆಗೆಯುತ್ತಾರೆ. ಆ ಬಣ್ಣದ ಆಸೆಗೆ 1795ರಲ್ಲಿ ಬ್ರೆಜಿಲಿನಿಂದ ತರಿಸಿದಾಗ ಬೇರೆ ಜಾತಿಯ ಕೀಟ ಬಂತು. ಬಣ್ಣ ಸಿಗಲಿಲ್ಲ, ಆದರೆ ಕಾಡು ಹಬ್ಬಿದ್ದ ಒಂದು ಜಾತಿಯ ಕಳ್ಳಿಯನ್ನು ತಿಂದು ಮುಗಿಸಿತು. ಅದು ಮುಟ್ಟದ ಇನ್ನೊಂದು ಜಾತಿಯ ಕಳ್ಳಿ ದಕ್ಷಿಣದ ಹೊಲಗಳನ್ನೆಲ್ಲ ಆಕ್ರಮಿಸಿದಾಗ 1926ರಲ್ಲಿ ಸಿಲೋನಿನಿಂದ ಮತ್ತೊಂದು ಕೊಚಿನಿಯಲ್ ತಂದು ಬಿಟ್ಟರು. ಹಾಗಾಗಿ ನಿಮ್ಮ ಬದುವಿನಲ್ಲಿರುವುದು ಸರಕಾರಿ ನೌಕರ ಅಂತಲೇ ತಿಳಿಯಿರಿ. ಬದುವಿನ ಕಳ್ಳಿ ಬೇಲಿಗೆ ಬೇಕೇ ಬೇಕು ಅಂತಿದ್ದರೆ ಜೋರು ನೀರು ಹೊಡೆದು ತೊಳೆಯಿರಿ, ಬೇಡವಾದರೆ ಅದರ ಪಾಡಿಗೆ ಬಿಡಿ.

ಪ್ರಶ್ನೆ (ಅಕ್ಕಲಕೋಟೆಯ ಓದುಗರು): ಕುಂಡದ ಕಳ್ಳಿಯ ಮುಳ್ಳಿನ ಬುಡದಲ್ಲಿ ಇರುವೆ ಕೂತಿರುತ್ತದೆ. ಲೆನ್ಸ್ ಹಿಡಿದು ನೋಡಿದೆ, ಕುಂಡದಿಂದ ಕಿತ್ತು ಬೇರೂ ನೋಡಿದೆ, ತಿಗಣೆ ಇಲ್ಲ, ಅಂಟು ಹನಿ ಮಾತ್ರ ಇದೆ.

ಉತ್ತರ: ಇಷ್ಟು ಹುಡುಕಿದ್ದೀರಲ್ಲ, ಶಹಬ್ಬಾಸ್. ಆ ಹನಿ ಕಳ್ಳಿಯದೇ. ಕೆಲವು ಜಾತಿಯ ಕಳ್ಳಿಗಳು ಹೂವಿನಲ್ಲಿ ಮಾತ್ರವಲ್ಲ, ಮುಳ್ಳಿನ ಬುಡದಲ್ಲೂ ಮಕರಂದ ಬಿಡುತ್ತವೆ, ಇರುವೆ ಬರಲಿ ಅಂತಲೇ. ಇರುವೆ ಓಡಾಡುತ್ತಿದ್ದರೆ ಎಲೆ ಕಾಂಡ ತಿನ್ನುವ ಹುಳುಗಳು ಹತ್ತಿರ ಸುಳಿಯುವುದಿಲ್ಲ, ಕಳ್ಳಿ ಸಂಬಳ ಕೊಟ್ಟು ಕಾವಲಿಗೆ ಇಟ್ಟುಕೊಂಡಿದೆ. ಅಂಟಿನ ಮೇಲೆ ಕಪ್ಪು ಬೂಷ್ಟು ಬಂದರೆ ತೊಳೆಯಿರಿ, ಅದು ಬಿಟ್ಟರೆ ಏನೂ ಮಾಡಬೇಡಿ. ಕಿತ್ತ ಗಿಡವನ್ನು ನೆರಳಲ್ಲಿ ಮೂರು ನಾಲ್ಕು ದಿನ ಒಣಗಲು ಬಿಟ್ಟು ಮತ್ತೆ ನೆಡಿ. ನೆಟ್ಟ ಮೇಲೂ ಒಂದು ವಾರ ನೀರು ಹಾಕಬೇಡಿ.